ಮಧ್ಯಾಹ್ನದ ಮೇಲೆ ಭಾಗೀರಥಿಗೆ ಕೈ ಏಳುವುದಿಲ್ಲ

ಯಾರಿಗಾದರೂ ಜ್ವರ ಬಂದರೆ ನಮ್ಮ ಜನ ಎರಡು ಕಿತ್ತಳೆ ತಂದಿಟ್ಟು, ಸ್ವಲ್ಪ ಹೊತ್ತು ಕೂತು, ಎದ್ದು ಹೋಗುತ್ತಾರೆ. ಆದರೆ ‘ಯಾಕೋ ಸುಸ್ತು’ ಎಂದು ಬಾಯಿ ಬಿಟ್ಟಿರೋ, ಕೆಟ್ಟಿರಿ. ಸುಸ್ತಿಗೆ ಮದ್ದು ಗೊತ್ತಿಲ್ಲದ ಮನುಷ್ಯರನ್ನು ನಾನಿನ್ನೂ ನೋಡಿಲ್ಲ. ಒಬ್ಬರು ರಾಗಿ ಗಂಜಿ ಅನ್ನುತ್ತಾರೆ, ಇನ್ನೊಬ್ಬರು ಕಬ್ಬಿಣದ ಮಾತ್ರೆ ಅನ್ನುತ್ತಾರೆ, ಮೂರನೆಯವರು ಇದು ದೃಷ್ಟಿಯೇ ಸೈ, ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿ ಅನ್ನುತ್ತಾರೆ. ನಾನು ಮೂರನ್ನೂ ಹೇಳಿ, ಕೊನೆಗೆ ನನ್ನದೇ ಒಂದು ಹರಕೆಯನ್ನೂ ಸೇರಿಸುತ್ತೇನೆ. ಸುಮ್ಮನಿರುವ ಯೋಗ ನನ್ನ ಜಾತಕದಲ್ಲೇ ಇಲ್ಲ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಅವರೂ ಅದನ್ನು ಸುಮ್ಮನಿದ್ದು ಹೇಳುವುದಿಲ್ಲ, ಹೋಟೆಲಿನಲ್ಲಿ ಗಿರಾಕಿಗಳ ಮುಂದೆಯೇ ಹೇಳುತ್ತಾರೆ.

ಇಷ್ಟು ಪೀಠಿಕೆ ಯಾಕೆಂದರೆ, ಹೋದ ಚಳಿಗಾಲದಲ್ಲಿ ನಮ್ಮ ಮನೆಯ ಒಬ್ಬಳಿಗೆ ಹೀಗೇ ಸುಸ್ತು ಶುರುವಾಯಿತು. ಅವಳ ಹೆಸರು ಭಾಗೀರಥಿ. ತೂಕ ನಾಲ್ಕು ಟನ್ನಿಗೆ ಸ್ವಲ್ಪ ಕಡಿಮೆ.

ನಾವು ಉಡುಪಿ ಕಡೆಯವರು. ಮುಂಬಯಿ ಪಕ್ಕದ ಡೊಂಬಿವಲಿ ಸ್ಟೇಷನ್ನಿನ ಪೂರ್ವದಲ್ಲಿ ನಮ್ಮವರದೊಂದು ಸಣ್ಣ ಸಸ್ಯಾಹಾರಿ ಹೋಟೆಲಿದೆ. ಮದುವೆಯಾಗಿ ಬಂದಾಗಿನಿಂದ ಅದರ ಗಲ್ಲಾದಲ್ಲಿ ಕೂತು ಕೂತು, ‘ಮೇಡಂ, ಚಟ್ನಿ ಎಕ್ಸ್‌ಟ್ರಾ’ ಎಂಬ ಒಂದೇ ಮಂತ್ರ ಕೇಳಿ ಕೇಳಿ ನನಗೆ ಸಾಕಾಗಿತ್ತು. ಮಕ್ಕಳು ದೊಡ್ಡವರಾದ ಮೇಲೆ ಸ್ವಂತದ್ದೊಂದು ಕೆಲಸ ಬೇಕೆನಿಸಿತು. ನನ್ನ ಓರಗೆಯವರೆಲ್ಲ ಹಪ್ಪಳ, ಉಪ್ಪಿನಕಾಯಿ, ಸೀರೆ ವ್ಯಾಪಾರ ಎನ್ನುತ್ತಿದ್ದ ಕಾಲ. ನಾನು ಒಂದು ದಿನ ಟಿಟ್ವಾಳಾದ ಗಣಪತಿಯ ದರ್ಶನ ಮುಗಿಸಿ ಬರುತ್ತಿದ್ದೆ. ದಾರಿಯಲ್ಲಿ ಹೊಸ ಕಟ್ಟಡವೊಂದರ ಅಂಗಳದಲ್ಲಿ ಪುಟ್ಟದೊಂದು ಹಳದಿ ಯಂತ್ರ ಮಣ್ಣು ಬಾಚುತ್ತಿತ್ತು. ಮುಂದೆ ಎರಡು ತೋಳು, ತೋಳಿನ ತುದಿಗೆ ಬಕೆಟ್, ಕಾಲಿಗೆ ಚಕ್ರದ ಬದಲು ರಬ್ಬರಿನ ಪಟ್ಟಿ, ನಡುವೆ ಒಬ್ಬರೇ ಕೂರುವಷ್ಟು ಗೂಡು. ಅದು ನಿಂತ ಜಾಗದಲ್ಲೇ ಗಿರ್ರನೆ ಒಂದು ಸುತ್ತು ತಿರುಗಿತು ನೋಡಿ, ನಾನು ಅಲ್ಲೇ ಮನಸ್ಸು ಸೋತೆ. ಕಾಂಪ್ಯಾಕ್ಟ್ ಟ್ರ್ಯಾಕ್ ಲೋಡರ್ ಎಂದು ಅದರ ಹೆಸರು ತಿಳಿದುಕೊಂಡು ಮನೆಗೆ ಬಂದು, ‘ನನಗೆ ಅದು ಬೇಕು’ ಎಂದೆ. ನಮ್ಮವರಿಗೆ ಸಿಟ್ಟೋ ಆಶ್ಚರ್ಯವೋ ಬಂದರೆ ಬಾಯಿಗೆ ತುಳು ಬರುತ್ತದೆ. ‘ನಿಕ್ಕ್ ಮರ್ಲಾ?’ ಎಂದರು. ನಿನಗೆ ಹುಚ್ಚಾ ಎಂದು ಅರ್ಥ. ಮೂವತ್ತು ವರ್ಷದ ಸಂಸಾರದಲ್ಲಿ ಈ ಪ್ರಶ್ನೆಗೆ ನಾನು ಒಮ್ಮೆಯೂ ಉತ್ತರ ಕೊಟ್ಟಿಲ್ಲ, ಅವರೂ ಕೇಳುವುದನ್ನು ಬಿಟ್ಟಿಲ್ಲ.

ಹಾಗೆ ಸೆಕೆಂಡ್ ಹ್ಯಾಂಡಿನಲ್ಲಿ ಭಾಗೀರಥಿ ಬಂದಳು. ನಡೆಸಲು ಬಸವರಾಜ ಬಂದ. ಅವನು ವಿಜಯಪುರದ ಕಡೆಯವನು, ಹೆಂಡತಿ ಮಗಳೊಂದಿಗೆ ಅಂಬರನಾಥದಲ್ಲಿದ್ದಾನೆ. ಅವನು ಸನ್ನೆಕೋಲು ಹಿಡಿದರೆ ಭಾಗೀರಥಿ ಬಕೆಟಿನ ತುದಿಯಿಂದ ರಂಗೋಲಿಯನ್ನೂ ಹಾಕಿಯಾಳು. ನಾನು ಯಂತ್ರದ ಪುಸ್ತಕ ಓದಿ, ವಿಡಿಯೋ ನೋಡಿ, ಅರ್ಧ ಎಂಜಿನಿಯರಾದೆ. ಇದರ ಗುಟ್ಟು ಇಷ್ಟೇ: ಎಂಜಿನ್ನು ಗಾಣದ ಎತ್ತಿನಂತೆ ತಿರುಗುತ್ತದೆ, ಅದರ ಬಲದಿಂದ ಪಂಪು ಎಣ್ಣೆಯನ್ನು ಒತ್ತಿ ಪೈಪುಗಳಿಗೆ ನೂಕುತ್ತದೆ, ಆ ಎಣ್ಣೆಯ ಒತ್ತಡಕ್ಕೆ ತೋಳು ಏಳುತ್ತದೆ, ಪಟ್ಟಿ ತಿರುಗುತ್ತದೆ. ಇದಕ್ಕೆ ಹೈಡ್ರಾಲಿಕ್ ಅನ್ನುತ್ತಾರೆ. ಎಣ್ಣೆಯಲ್ಲಿ ನೊರೆ ಕಂಡರೆ ಎಲ್ಲೋ ಗಾಳಿ ಹೊಕ್ಕಿದೆ, ಬಲ ಹೋಯಿತು ಎಂದು ಪುಸ್ತಕದಲ್ಲಿ ಓದಿದಾಗ ನನಗೆ ಸ್ವಲ್ಪ ಬೇಜಾರಾಯಿತು. ನೊರೆಯಿಲ್ಲದ ಕಾಫಿಯನ್ನು ಗಿರಾಕಿಯ ಮುಂದಿಟ್ಟರೆ ಮಾವನವರು ಲೋಟವನ್ನೇ ವಾಪಸು ಕಳಿಸುತ್ತಿದ್ದ ಮನೆ ನಮ್ಮದು. ನೊರೆಯೂ ಒಂದು ರೋಗವಾಗಬಹುದು ಎಂದು ಒಪ್ಪಿಕೊಳ್ಳಲು ನನಗೆ ವಾರ ಹಿಡಿಯಿತು.

ಯಂತ್ರ ಅಂದ ಮೇಲೆ ಪೂಜೆ ಬೇಡವೇ? ಆಯುಧಪೂಜೆಗೆ ಎಲ್ಲರೂ ಮಾಡುತ್ತಾರೆ, ಮರುದಿನ ಮರೆಯುತ್ತಾರೆ. ನಾನು ಹಾಗಲ್ಲ. ನವರಾತ್ರಿಯಿಂದ ಹಿಡಿದು ಪ್ರತಿ ಶುಕ್ರವಾರ ಬೆಳಿಗ್ಗೆ ಕೆಲಸ ಎಲ್ಲಿರುತ್ತದೋ ಅಲ್ಲಿಗೇ ಹೋಗಿ ಪೂಜೆ ಮಾಡುತ್ತಿದ್ದೆ. ಭಾಗೀರಥಿಯ ಬೆನ್ನಿನ ಮೇಲೆ ಚಪ್ಪಟೆಯಾದ ಒಂದು ಕಬ್ಬಿಣದ ಜಾಲರಿ ಇದೆ. ದೇವರನ್ನು ಕೂರಿಸಲು ಹೇಳಿ ಮಾಡಿಸಿದ ಪೀಠದ ಹಾಗೆ. ಅದನ್ನು ಚೆನ್ನಾಗಿ ತೊಳೆದು, ಒರೆಸಿ, ದುರ್ಗೆಯ ಪುಟ್ಟ ಪಟ ಇಟ್ಟು, ಜಾಲರಿಯ ಚಿಲಕಕ್ಕೆ ಅರಿಶಿನದ ದಾರ ಕಟ್ಟಿ, ಚೆಂಡುಹೂವಿನ ಎಸಳು ಬಿಡಿಸಿ ಅಷ್ಟೋತ್ತರ ಹೇಳಿ ಅರ್ಚನೆ. ಅದೂ ಎಂಜಿನ್ ಚಾಲೂ ಇರುವಾಗ. ನಿದ್ದೆ ಮಾಡುತ್ತಿರುವವರಿಗೆ ಯಾರಾದರೂ ಆರತಿ ಎತ್ತುತ್ತಾರೆಯೇ? ‘ಮೊದಲು ಅವಳನ್ನು ಎಬ್ಬಿಸು ಬಸವರಾಜ, ಮತ್ತೆ ಪೂಜೆ’ ಎನ್ನುತ್ತಿದ್ದೆ. ಒಂದು ಪವಾಡವೂ ನಡೆಯುತ್ತಿತ್ತು. ನಾನು ನೂರೆಂಟು ನಾಮ ಮುಗಿಸುವಷ್ಟರಲ್ಲಿ ಇಟ್ಟ ಎಸಳು ಬಹುಪಾಲು ಕಾಣೆಯಾಗಿರುತ್ತಿದ್ದವು! ‘ದೇವಿ ಕಣ್ಣೆದುರೇ ಸ್ವೀಕರಿಸ್ತಾಳೆ’ ಎಂದು ಉಡುಪಿಯಲ್ಲಿರುವ ನಾದಿನಿಗೆ ಫೋನ್ ಮಾಡಿ ಹೇಳಿದೆ. ಅವಳಿಗೆ ಹೊಟ್ಟೆಕಿಚ್ಚಾಯಿತು. ಅವಳ ಮನೆಯ ದೇವರು ಇಟ್ಟ ಹೂವನ್ನು ಇಟ್ಟಲ್ಲೇ ಬಾಡಿಸುತ್ತಾನೆ.

ಗೂಡಿನೊಳಗೂ ನಾನು ಬಿಡಲಿಲ್ಲ. ಟಿಟ್ವಾಳಾದಿಂದ ತಂದ ಗಣಪತಿಯ ಸ್ಟಿಕ್ಕರನ್ನು ಬಸವರಾಜನ ಕಣ್ಣೆದುರಿಗೇ, ಮುಳ್ಳು, ದೀಪ, ಗುಂಡಿಗಳಿರುವ ಹಲಗೆಯ ಮೇಲೆ ಅಂಟಿಸಿದೆ. ಕೆಲಸದ ಹೊತ್ತಿನಲ್ಲೂ ದರ್ಶನವಾಗುತ್ತಿರಲಿ ಎಂದು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಅಂಬರನಾಥದ ಆಚೆ ಕನ್ನಡಿಗರೆಲ್ಲ ಸೇರಿ ನಡೆಸುವ ಸಣ್ಣದೊಂದು ಕನ್ನಡ ಶಾಲೆಯಿದೆ. ಬಸವರಾಜನ ಮಗಳು ಅಕ್ಷತಾ ಅಲ್ಲಿ ಏಳನೆಯ ತರಗತಿ. ಶಾಲೆಗೆ ಮೈದಾನವೇನೋ ಇದೆ, ಆದರೆ ಪಕ್ಕದಲ್ಲಿ ಕಟ್ಟಡ ಏಳುವಾಗ ಅಲ್ಲಿ ಸುರಿದ ಮಣ್ಣು, ಇಟ್ಟಿಗೆ ಚೂರು, ಕಲ್ಲು ಎಲ್ಲ ಸೇರಿ ಗುಡ್ಡವಾಗಿ ಕೂತು ಯಾವ ಕಾಲವಾಯಿತೋ. ಹಾಗಾಗಿ ಆ ಶಾಲೆಯ ಆಟೋಟ ಎಂದರೆ ಹಾಲಿನಲ್ಲಿ ಕೇರಂ, ಸಂಗೀತ ಕುರ್ಚಿ, ಮತ್ತೆ ಮೊಗಸಾಲೆಯಲ್ಲಿ ಓಟ. ಮೊಗಸಾಲೆಯ ತುದಿಯಲ್ಲಿ ಗೋಡೆ. ಗೆದ್ದವರನ್ನು ಗೋಡೆಯೇ ಹಿಡಿದು ನಿಲ್ಲಿಸಬೇಕು. ಅಕ್ಷತಾ ಪ್ರತಿ ವರ್ಷವೂ ಗೆದ್ದು ಪ್ರತಿ ವರ್ಷವೂ ಮೊಣಕೈ ತರಚಿಕೊಂಡವಳು. ಬರುವ ವರ್ಷ ಅವಳು ಬೇರೆ ಶಾಲೆಗೆ ಹೋಗಬೇಕು. ಒಂದೇ ಒಂದು ಸಲ ನಿಜವಾದ ಮೈದಾನದಲ್ಲಿ, ಸುಣ್ಣದ ಗೆರೆಯ ನಡುವೆ, ಗೋಡೆಯ ಹೆದರಿಕೆ ಇಲ್ಲದೆ ಓಡಬೇಕು ಎಂಬುದು ಅವಳ ಆಸೆ. ಬಸವರಾಜ ಇದನ್ನು ನನಗೆ ಹೇಳಿದ್ದ. ಶಾಲೆಯ ಸಮಿತಿಯ ಸಭೆಯಲ್ಲಿ ಈ ವರ್ಷವೂ ಹಾಲಿನಲ್ಲೇ ಆಟೋಟ ಎಂದು ಕಾರ್ಯದರ್ಶಿ ಪ್ರಸನ್ನ ಓದಿದಾಗ ನಾನು ಎದ್ದು ನಿಂತೆ. ಯಾರೂ ಕೇಳಿರಲಿಲ್ಲ. ‘ಎಂತ ಹಾಲು, ಎಂತ ಕೇರಂ! ನಮ್ಮ ಭಾಗೀರಥಿ ಇರುವಾಗ ಮಕ್ಕಳು ಗೋಡೆಗೆ ಯಾಕೆ ಗುದ್ದಿಕೊಳ್ಬೇಕು? ಭಾನುವಾರದ ಒಳಗೆ ಮೈದಾನ ದೋಸೆ ಕಾವಲಿ ಹಾಗೆ ಮಾಡಿ ಕೊಡ್ತೇನೆ’ ಎಂದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದರೆ ನನಗೆ ಮತ್ತೆ ಕೂರಲು ಆಗುವುದಿಲ್ಲ. ‘ಹೆಂಗಸರಿಗೂ ಓಟ ಇಡಿ, ನಾನೂ ಓಡ್ತೇನೆ’ ಎಂದುಬಿಟ್ಟೆ.

ಸೋಮವಾರ ಭಾಗೀರಥಿ ಶಾಲೆಗೆ ಬಂದಳು. ಬೆಳಿಗ್ಗೆ ಅವಳ ಕೆಲಸ ನೋಡಬೇಕಿತ್ತು, ಬಕೆಟ್ ತುಂಬ ಕಲ್ಲು ಬಾಚಿ ಆಕಾಶಕ್ಕೆ ಎತ್ತುತ್ತಿದ್ದಳು. ಮಕ್ಕಳು ಪಾಠ ಬಿಟ್ಟು ಕಿಟಕಿಗೆ ಜೋತುಬಿದ್ದರು. ಮಧ್ಯಾಹ್ನ ನಾನು ಹೋಟೆಲಿನಲ್ಲಿರುವಾಗ ಬಸವರಾಜನ ಫೋನು. ‘ಅಕ್ಕಾರ, ಏನೋ ಆಗೇತ್ರಿ. ಮುಂಜಾನಿ ಆನಿಗತೆ ಎತ್ತಾಕತ್ತಿದ್ಳು. ಹೊತ್ತು ಏರಿದಂಗ ಕೈ ಸೋಲಾಕತ್ತಾವ. ಈಗ ಬರೇ ಬಕೆಟ್ ಸೈತ ಏಳವಲ್ದು ನೋಡ್ರಿ.’

‘ಎಂಜಿನ್?’

‘ಎಂಜಿನ್ ಗುರ್ ಅಂತೈತ್ರಿ. ದನಿ ಐತಿ, ದಮ್ ಇಲ್ಲ.’

ಮರುದಿನವೂ ಹಾಗೇ. ಬೆಳಿಗ್ಗೆ ಆನೆ, ಮಧ್ಯಾಹ್ನ ಇಲಿ. ಸರಿ, ಸುಸ್ತಿನ ಸುದ್ದಿ ಹರಡಿತಲ್ಲ, ಮದ್ದು ಹೇಳುವವರು ಶುರುವಾದರು. ಮೊದಲನೆಯವರು ನಮ್ಮವರೇ. ಅವರಿಗೆ ಪ್ರಪಂಚದ ಎಲ್ಲ ಯಂತ್ರಗಳೂ ದೋಸೆ ಹಿಟ್ಟಿನ ಗ್ರೈಂಡರಿನ ಬಳಗ. ‘ಗ್ರೈಂಡರಿಗೂ ಹೀಗೇ ಆಗ್ತದೆ ಮಾರಾಯ್ತಿ. ಒಮ್ಮೆಗೇ ಜಾಸ್ತಿ ಉದ್ದು ಹಾಕಿದ್ರೆ ತಿರುಗೂದಿಲ್ಲ. ಮಣ್ಣು ಸ್ವಲ್ಪ ಸ್ವಲ್ಪ ಹಾಕ್ಲಿಕ್ಕೆ ಹೇಳು’ ಎಂದರು. ಖಾಲಿ ಬಕೆಟ್ಟೇ ಏಳುವುದಿಲ್ಲ ಎಂದೆ. ‘ಹಾಗಾದ್ರೆ ಬೆಲ್ಟ್’ ಎಂದು ಹೇಳಿ ಸಾಂಬಾರಿನ ರುಚಿ ನೋಡಲು ಹೋದರು.

ಎರಡನೆಯವನು ಪ್ರಸನ್ನ. ಬೆಂಗಳೂರಿನ ಹುಡುಗ, ನವಿ ಮುಂಬಯಿಯ ಐಟಿ ಕಚೇರಿಯಲ್ಲಿ ದೊಡ್ಡ ಕೆಲಸ, ಒಳ್ಳೆಯ ಮನಸ್ಸು, ಬಾಯಿ ತೆರೆದರೆ ಅರ್ಧ ಇಂಗ್ಲಿಷು. ‘ಟೆನ್ಷನ್ ತಗೋಬೇಡಿ ಮೇಡಂ. ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿದ್ರಾ?’ ಎಂದ. ನನಗೆ ನಗು ಬಂತು. ಆದರೂ ಬಸವರಾಜ ಆಫ್ ಮಾಡಿದ, ಊಟಕ್ಕೆ ಹೋದ, ಒಂದು ಸಣ್ಣ ನಿದ್ದೆಯನ್ನೂ ಮುಗಿಸಿ ಬಂದು ಆನ್ ಮಾಡಿದ. ಭಾಗೀರಥಿ ಎರಡೂ ಕೈ ಎತ್ತಿ ಬಕೆಟ್ ಕುಣಿಸಿದಳು! ಪ್ರಸನ್ನನ ಮುಖ ನೋಡಬೇಕಿತ್ತು. ‘ಸಾಫ್ಟ್‌ವೇರ್ ಆಗ್ಲಿ, ಹಾರ್ಡ್‌ವೇರ್ ಆಗ್ಲಿ, ರೀಸ್ಟಾರ್ಟ್ ಈಸ್ ರೀಸ್ಟಾರ್ಟ್’ ಎಂದು ಸಮಿತಿಯ ವಾಟ್ಸ್ಯಾಪ್ ಗುಂಪಿನಲ್ಲಿ ಬರೆದೂ ಬರೆದ. ಸ್ವಲ್ಪ ಹೊತ್ತಿನಲ್ಲೇ ಮತ್ತೆ ಕೈ ಸೋತಿತು. ಅದನ್ನು ಮಾತ್ರ ಅವನು ಬರೆಯಲಿಲ್ಲ. ಈಗ ಯೋಚಿಸಿದರೆ ರೋಗದ ಗುಟ್ಟು ಆ ನಿದ್ದೆಯಲ್ಲೇ ಇತ್ತು. ವಿಶ್ರಾಂತಿ ಸಿಕ್ಕರೆ ಬಲ ಬರುತ್ತದೆ, ದುಡಿದರೆ ಹೋಗುತ್ತದೆ ಎಂದರೆ ಏನರ್ಥ? ಆದರೆ ಹಾಗೆ ಯೋಚಿಸುವುದಕ್ಕೆ ಒಂದು ಗಳಿಗೆ ಸುಮ್ಮನೆ ಕೂರಬೇಕು. ನನ್ನ ಜಾತಕದ ವಿಷಯ ಆಗಲೇ ಹೇಳಿದ್ದೇನೆ.

ನಾನು ಪುಸ್ತಕ ತೆಗೆದೆ. ಮೊದಲು ಸುಲಭದ್ದು ನೋಡು, ಆಮೇಲೆ ಕಷ್ಟದ್ದು ಎಂದು ಅದರಲ್ಲಿದೆ. ನಮ್ಮ ಅತ್ತೆಯೂ ಸಾರು ಕೆಟ್ಟಾಗ ಅದನ್ನೇ ಹೇಳುತ್ತಿದ್ದರು, ಮೊದಲು ಉಪ್ಪು ನೋಡು ಎಂದು. ಎಣ್ಣೆ ಅಳೆದೆವು, ಸರಿಯಾಗಿತ್ತು. ನೊರೆ ಇದೆಯೇ ಎಂದು ನಾನೇ ಬಗ್ಗಿ ನೋಡಿದೆ. ನೊರೆ ಗುರುತಿಸುವುದರಲ್ಲಿ ನನ್ನನ್ನು ಮೀರಿಸುವವರು ಠಾಣೆ ಜಿಲ್ಲೆಯಲ್ಲಿ ಇದ್ದರೆ ಬರಲಿ. ಒಂದು ಗುಳ್ಳೆಯೂ ಇರಲಿಲ್ಲ. ಫಿಲ್ಟರ್ ಬದಲಾಯಿಸಿದೆವು. ಪೈಪುಗಳ ಕೀಲುಗಳನ್ನು ಬಿಚ್ಚಿ ಒರೆಸಿ ಗಟ್ಟಿಯಾಗಿ ಕೂರಿಸಿದೆವು. ಭಾಗೀರಥಿ ಎಲ್ಲವನ್ನೂ ಮಾಡಿಸಿಕೊಂಡು, ಮಧ್ಯಾಹ್ನವಾದೊಡನೆ ಕೈ ಚೆಲ್ಲಿದಳು.

ಆ ಹೊತ್ತಿಗೆ ಬಸವರಾಜ ಇನ್ನೊಂದು ಸುದ್ದಿ ತಂದ. ದನಿ ತಗ್ಗಿಸಿ, ‘ಅಕ್ಕಾರ, ಅಂಜಬ್ಯಾಡ್ರಿ. ಕೈ ಸೋಲೂ ಹೊತ್ತಿಗೆ ಗಣಪ್ಪನ ಮುಖ ಕೆಂಪಗ ಆಗ್ತೈತ್ರಿ’ ಎಂದ.

‘ಎಂತದಾ?’

‘ಹೌದ್ರಿ. ಮುಂಜಾನಿ ಶಾಂತ ಇರ್ತಾನ. ಮಧ್ಯಾಹ್ನ ಆತಂದ್ರ ಹೊಟ್ಟಿಯಿಂದ ಮುಖದ ತನಕ ಕೆಂಪಗ ಹೊಳಿತಾನ. ನಾ ಕೈ ಮುಗದು ಕೂತೇನ್ರಿ.’

ನಾನು ಗೂಡಿಗೆ ಹತ್ತಿ ನೋಡಿದೆ. ಸ್ಟಿಕ್ಕರಿನ ಗಣಪತಿ ನಿಜಕ್ಕೂ ಕೆಂಡದಂತೆ ಬೆಳಗುತ್ತಿದ್ದ. ಇದು ದೇವರ ಸಿಟ್ಟೇ, ನಮ್ಮ ಸೇವೆ ಸಾಲದಾಗಿದೆ ಎಂದು ಅಲ್ಲೇ ತೀರ್ಮಾನಿಸಿದೆ. ಶುಕ್ರವಾರಕ್ಕೊಂದು ಪೂಜೆ ಸಾಕೇ, ಇನ್ನು ದಿನಾ ಬೆಳಿಗ್ಗೆ ಪೂಜೆ. ಕಲ್ಯಾಣದ ಹೂವಿನ ಮಾರುಕಟ್ಟೆಯಿಂದ ಕಾಲು ಕಿಲೋ ತರುತ್ತಿದ್ದವಳು ಬುಟ್ಟಿ ಬುಟ್ಟಿ ತರತೊಡಗಿದೆ. ಎಸಳು ಬಿಡಿಸಲು ಹೋಟೆಲಿನವರನ್ನು ಕೂರಿಸಿದೆ. ನಮ್ಮವರು, ‘ನೀರುಳ್ಳಿ ಹೆಚ್ಚುವವರೆಲ್ಲ ಚೆಂಡುಹೂ ಹೆಚ್ತಾ ಇದ್ದಾರೆ, ಬಜ್ಜಿ ಯಾರು ಮಾಡೂದು?’ ಎಂದು ಗೊಣಗಿದರು. ನಾನು ಸೇವೆ ಹೆಚ್ಚಿಸಿದಷ್ಟೂ ಭಾಗೀರಥಿ ಇಳಿದುಹೋದಳು. ಮೊದಲು ಮಧ್ಯಾಹ್ನದವರೆಗೆ ದುಡಿಯುತ್ತಿದ್ದವಳು ಆಮೇಲೆ ತಿಂಡಿಯ ಹೊತ್ತಿಗೇ ಸುಸ್ತಾದಳು. ಇಳಿದಷ್ಟೂ ನಾನು ಇನ್ನೂ ಒಂದು ಬುಟ್ಟಿ ಹೂ ತಂದೆ.

ಶುಕ್ರವಾರ ಬೆಳಿಗ್ಗೆ ತಳೋಜಾದಿಂದ ಪವಾರ್ ಮಾಮಾ ಎಂಬ ಮೆಕ್ಯಾನಿಕ್ ಒತ್ತಡ ಅಳೆಯುವ ಗಡಿಯಾರ ಹಿಡಿದು ಬಂದರು. ಬೆಳಗಿನ ಹೊತ್ತಲ್ಲವೇ, ಭಾಗೀರಥಿ ವೈದ್ಯರ ಮುಂದೆ ಎಲ್ಲ ಸರಿಯಿದೆ ಎಂದು ನಟಿಸುವ ರೋಗಿಯ ಹಾಗೆ ಪೂರ್ತಿ ಒತ್ತಡ ತೋರಿಸಿದಳು. ‘ತಾಈ, ಪಂಪ್ ಏಕ್‌ದಮ್ ಮಸ್ತ್ ಹೈ’ ಎಂದು ತಲೆ ಕೆರೆದುಕೊಂಡು, ಬೆನ್ನ ಮೇಲಿನ ಜಾಲರಿಯ ಚಿಲಕಕ್ಕೆ ಕೈ ಹಾಕಿದರು. ‘ಯೇ ಢಕ್ಕನ್ ಖೋಲ್‌ಕೆ ದೇಖೂಂ ಕ್ಯಾ?’ ಈ ಮುಚ್ಚಳ ತೆಗೆದು ನೋಡಲಾ ಎಂದು. ನಾನು ಹೌಹಾರಿದೆ. ಈಗಷ್ಟೇ ಪೂಜೆಯಾಗಿದೆ, ಅರಿಶಿನದ ದಾರ ಕಟ್ಟಿದೆ, ಶುಕ್ರವಾರ ಬೇರೆ! ‘ಮಾಮಾ, ಆಜ್ ನಹೀ. ಪೂಜಾ ಹುವಾ ಹೈ’ ಎಂದೆ. ಪವಾರ್ ಮಾಮಾ ಕೂಡಾ ದೈವಭಕ್ತರು. ಜಾಲರಿಯನ್ನು ನೋಡಿ, ‘ಇತನೀ ಸಾಫ್ ಜಾಲೀ ತೋ ಶೋರೂಮ್ ಮೇ ಭೀ ನಹೀ ಹೋತೀ’ ಎಂದು, ಶೋರೂಮಿನಲ್ಲೂ ಇಷ್ಟು ಚೊಕ್ಕ ಜಾಲರಿ ಇರುವುದಿಲ್ಲವೆಂದು ಹೊಗಳಿ, ದೇವಿಗೆ ಕೈ ಮುಗಿದು, ಬೇಲಾಪುರದಲ್ಲಿ ಬೇರೆ ಕೆಲಸವಿದೆ, ಸೋಮವಾರ ಬರುತ್ತೇನೆ ಎಂದು ಹೊರಟುಹೋದರು. ಸೋಮವಾರ ಬಂದು ಏನು ಪ್ರಯೋಜನ? ಆಟೋಟ ಭಾನುವಾರ. ತುರ್ಭೆಯ ಬಿಡಿಭಾಗದ ಅಂಗಡಿಯವನಿಗೆ ಫೋನ್ ಮಾಡಿದರೆ ಅವನು ಯಂತ್ರವನ್ನು ನೋಡದೆಯೇ ಪಂಪು ಹೋಗಿದೆ, ಹೊಸದು ತರಿಸಿ, ಬರಲು ತಿಂಗಳು ಬೇಕು ಎಂದ.

ಶನಿವಾರ ಬೆಳಿಗ್ಗೆ ಮೈದಾನದ ಸ್ಥಿತಿ ಹೀಗಿತ್ತು: ಓಟ ಶುರುವಾಗುವ ಕಡೆ ದೋಸೆ ಕಾವಲಿ, ಮುಗಿಯುವ ಕಡೆ ಗುಡ್ಡ. ಭಾಗೀರಥಿ ಗುಡ್ಡದ ಬುಡದಲ್ಲಿ ಬಕೆಟ್ ನೆಲಕ್ಕೂರಿ ನಿಂತಿದ್ದಳು. ಅಕ್ಷತಾ ಬಂದಳು, ಶೂಸು ಹಾಕಿಕೊಂಡೇ ಬಂದಿದ್ದಳು, ಹೊಸ ಶೂಸು. ಗುಡ್ಡವನ್ನು ನೋಡಿದಳು, ಅಪ್ಪನನ್ನು ನೋಡಿದಳು. ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಕಿವಿಗೆ, ಹಿಂದಿ ಬಾಯಿಗೆ. ‘ಆಂಟಿ, ಆಧೀ ರೇಸ್ ದೌಡೂಂ ಕ್ಯಾ?’ ಎಂದು ಕೇಳಿದಳು. ಅರ್ಧ ಓಟ ಓಡಲಾ ಎಂದು. ತಮಾಷೆಗೇ ಕೇಳಿದ್ದು, ಆದರೆ ಕೇಳಿದವಳು ಆ ಕಡೆ ತಿರುಗಿಬಿಟ್ಟಳು. ಬಸವರಾಜ ತಲೆ ತಗ್ಗಿಸಿ ಪಟ್ಟಿಗೆ ಅಂಟಿದ ಮಣ್ಣು ಕೆರೆಯತೊಡಗಿದ. ಸಭೆಯಲ್ಲಿ ಎದ್ದು ನಿಂತು ಜಂಭ ಕೊಚ್ಚಿದ್ದು ನಾನು, ತಲೆ ತಗ್ಗಿಸುತ್ತಿರುವುದು ಅವಳಪ್ಪ.

ಆಗ ನಾನು ನಮ್ಮ ಕಡೆಯವರ ಕೊನೆಯ ಅಸ್ತ್ರ ತೆಗೆದೆ. ಹೂ ಪ್ರಸಾದ ಕೇಳುವುದು. ದೇವರ ಪಟದ ನೆತ್ತಿಗೆ ಒಂದು ಹೂವನ್ನು ನೀರಲ್ಲಿ ಅದ್ದಿ ಇಟ್ಟು ಪ್ರಶ್ನೆ ಕೇಳುವುದು. ಹೂ ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ನಮ್ಮ ಮನೆಯಲ್ಲಿ ಹೆಣ್ಣು ನೋಡುವುದರಿಂದ ಹಿಡಿದು ಫ್ರಿಜ್ ಕೊಳ್ಳುವವರೆಗೆ ಎಲ್ಲ ಹೀಗೇ ತೀರ್ಮಾನವಾಗಿದೆ. ‘ಎಬ್ಬಿಸು ಬಸವರಾಜ’ ಎಂದೆ. ಎಂಜಿನ್ ಚಾಲೂ ಆಯಿತು. ಜಾಲರಿಯ ಮೇಲೆ ದುರ್ಗೆಯ ಪಟ ಇಟ್ಟು, ನೆತ್ತಿಗೆ ಒಂದು ಮಲ್ಲಿಗೆ ಮೊಗ್ಗು ಇಟ್ಟು, ಕಣ್ಣು ಮುಚ್ಚಿ, ‘ತಾಯೀ, ಪಂಪು ಬದಲಾಯಿಸಬೇಕಾದರೆ ಎಡಕ್ಕೆ ಕೊಡು. ಪಂಪು ಸರಿಯಿದೆ, ಇವತ್ತೇ ಕೆಲಸ ಮುಗಿಯುತ್ತದೆ ಅಂತಾದರೆ ಬಲಕ್ಕೆ ಕೊಡು’ ಎಂದು ಬೇಡಿಕೊಂಡೆ. ನಮ್ಮವರು, ಪ್ರಸನ್ನ, ಬಸವರಾಜ, ಅಕ್ಷತಾ ಎಲ್ಲ ಸುತ್ತ ನಿಂತಿದ್ದರು. ಪ್ರಸನ್ನ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದ.

ಮೊಗ್ಗು ನಡುಗಿತು. ಬಲಕ್ಕೆ ವಾಲಿತು. ಬಲಕ್ಕೇ ಬಿತ್ತು! ನಾನು ‘ಅಮ್ಮಾ’ ಎಂದು ಕೈ ಜೋಡಿಸುವಷ್ಟರಲ್ಲಿ, ಜಾಲರಿಯ ಮೇಲೆ ಬಿದ್ದ ಮೊಗ್ಗು ಒಂದು ಸುತ್ತು ಉರುಳಿ, ಸುಯ್ಯೆಂದು ಜಾಲರಿಯ ಕಿಂಡಿಯೊಳಗೆ ಹೋಯಿತು.

ಎಡವೂ ಇಲ್ಲ, ಬಲವೂ ಇಲ್ಲ, ಒಳಗೆ! ಇಂಥ ಉತ್ತರ ನಮ್ಮ ವಂಶದಲ್ಲಿ ಯಾರಿಗೂ ಬಂದಿರಲಿಲ್ಲ. ಇದಕ್ಕೆ ಏನರ್ಥ ಎಂದು ನಾದಿನಿಗೆ ಫೋನ್ ಮಾಡಲು ಹೊರಟವಳು ಅರ್ಧಕ್ಕೆ ನಿಂತೆ. ಬುಟ್ಟಿಯಿಂದ ಒಂದು ಎಸಳು ತೆಗೆದು ಅದನ್ನು ಜಾಲರಿಯ ಮೇಲೆ ಹಿಡಿದೆ. ಎಸಳನ್ನು ಯಾರೋ ಕೆಳಗಿನಿಂದ ಎಳೆದಂತಾಯಿತು. ಬಿಟ್ಟೆ. ಮಾಯ. ಭಾಗೀರಥಿ ಬೆನ್ನಿನಿಂದ ಉಸಿರು ಎಳೆದುಕೊಳ್ಳುತ್ತಾಳೆ ಎಂದು ಪುಸ್ತಕದಲ್ಲಿ ನಾನೇ ಓದಿದ್ದೆನಲ್ಲ! ಆ ಜಾಲರಿಯ ಕೆಳಗಿರುವುದು ಎಣ್ಣೆಯನ್ನು ತಂಪು ಮಾಡುವ ಕೂಲರ್. ಎಣ್ಣೆ ಕಾದರೆ ನೀರಿನಂತೆ ತೆಳ್ಳಗಾಗುತ್ತದೆ, ತೆಳ್ಳಗಾದರೆ ಒತ್ತಡ ನಿಲ್ಲುವುದಿಲ್ಲ, ಒತ್ತಡ ಇಲ್ಲದಿದ್ದರೆ ಕೈ ಏಳುವುದಿಲ್ಲ. ಹಾಗಾದರೆ ನವರಾತ್ರಿಯಿಂದ ಇಲ್ಲಿಯವರೆಗೆ ನಾನು ಇಟ್ಟ ಅಷ್ಟೂ ಹೂವು?

‘ಆಫ್ ಮಾಡು ಬಸವರಾಜ’ ಎಂದು ಕಿರುಚಿ, ಅರಿಶಿನದ ದಾರವನ್ನು ನಾನೇ ಕಿತ್ತು, ಜಾಲರಿಯನ್ನು ಎತ್ತಿದೆ.

ಏನು ಹೇಳಲಿ! ಕೂಲರ್ ಕಾಣುತ್ತಲೇ ಇರಲಿಲ್ಲ. ಮೇಲೆ ಆಗಷ್ಟೇ ಬಿದ್ದ ಮಲ್ಲಿಗೆ ಮೊಗ್ಗು, ಅದರ ಕೆಳಗೆ ಈ ವಾರದ ಹಳದಿ ಎಸಳು, ಅದರ ಕೆಳಗೆ ಕಾರ್ತಿಕದ್ದು, ದೀಪಾವಳಿಯದ್ದು, ತಳದಲ್ಲಿ ನವರಾತ್ರಿಯದ್ದು ಕುಂಕುಮ ಧೂಳು ಎಲ್ಲ ಸೇರಿ ಗಟ್ಟಿ ರೊಟ್ಟಿಯಾಗಿ ಕೂತಿತ್ತು. ನಮ್ಮವರು ಬಗ್ಗಿ ಮೂಸಿ ನೋಡಿದರು. ‘ಗುಲ್ಕಂದ್ ಆಗ್ತಾ ಬಂದಿತ್ತು. ಇನ್ನೊಂದು ವಾರ ಬಿಟ್ಟಿದ್ರೆ ಹೋಟೆಲಲ್ಲಿ ಬಡಿಸಬಹುದಿತ್ತು’ ಎಂದರು. ಬಸವರಾಜ ಮೊದಲು ನನ್ನ ಮುಖ ನೋಡಿದ, ನಗಬಹುದೋ ಬೇಡವೋ ಎಂದು. ನನಗೇ ಮೊದಲು ನಗು ಬಂತು. ಆಮೇಲೆ ಎಲ್ಲರೂ ನಕ್ಕೆವು, ಕಣ್ಣಲ್ಲಿ ನೀರು ಬರುವಷ್ಟು. ನಾಚಿಕೆ ಆಗಲಿಲ್ಲವೇ ಎಂದರೆ ಆಯಿತು. ಆದರೆ ಪಂಪು ಹೋಗಿಲ್ಲ, ಭಾಗೀರಥಿಗೆ ಏನೂ ಆಗಿಲ್ಲ, ಇವತ್ತೇ ಗುಡ್ಡ ಹೋಗುತ್ತದೆ ಎಂಬ ಸಂತೋಷ ಅದಕ್ಕಿಂತ ದೊಡ್ಡದಿತ್ತು. ದೇವಿಯೂ ಸುಳ್ಳು ಹೇಳಿರಲಿಲ್ಲ ನೋಡಿ, ಬಲಕ್ಕೇ ಕೊಟ್ಟಿದ್ದಳು. ಜೊತೆಗೆ ರೋಗ ಎಲ್ಲಿದೆ ಎಂದೂ ತೋರಿಸಿದ್ದಳು.

ಪಕ್ಕದ ಟಯರ್ ಅಂಗಡಿಯಿಂದ ಗಾಳಿಯ ಪೈಪು ಎಳೆದು ತಂದು ಊದಿದೆವು. ಮೈದಾನದ ಮೇಲೆ ಚೆಂಡುಹೂವಿನ ಮಳೆ ಸುರಿಯಿತು, ನಮ್ಮವರ ಬೋಳುತಲೆಯ ಮೇಲೂ ಸುರಿಯಿತು. ಬಸವರಾಜ ಗೂಡಿಗೆ ಹತ್ತಿದ. ಮಧ್ಯಾಹ್ನವಾಯಿತು, ಭಾಗೀರಥಿಯ ಕೈ ಸೋಲಲಿಲ್ಲ. ಗುಡ್ಡ ಅರ್ಧಕ್ಕೆ ಇಳಿಯಿತು, ಕೈ ಸೋಲಲಿಲ್ಲ. ‘ಗಣಪ್ಪ ಹೆಂಗದಾನೋ?’ ಎಂದು ಪ್ರಸನ್ನ ಅವನದೇ ಭಾಷೆಯಲ್ಲಿ ಕೂಗಿ ಕೇಳಿದ. ‘ಶಾಂತ ಅದಾನ್ರಿ!’ ಎಂದ ಬಸವರಾಜ. ನನಗೆ ಸಂಶಯ ಬಂತು. ಚಹಾಕ್ಕೆ ನಿಲ್ಲಿಸಿದಾಗ ಗೂಡಿಗೆ ಹತ್ತಿ, ಕ್ಷಮಿಸಪ್ಪಾ ಎಂದು ಗಣಪತಿಯ ಸ್ಟಿಕ್ಕರನ್ನು ಮೆಲ್ಲನೆ ಎಬ್ಬಿಸಿದೆ. ಹಿಂದೆ ಪುಟ್ಟದೊಂದು ಕೆಂಪು ದೀಪ. ಎಣ್ಣೆ ಕಾದಿದೆ, ನಿಲ್ಲಿಸು ಎಂದು ಹೇಳುವ ದೀಪ. ವಿಘ್ನ ಬಂದಿದೆ ಎಂದು ಅದು ವಾರವಿಡೀ ಕೂಗುತ್ತಿತ್ತು, ನಾನು ವಿಘ್ನೇಶ್ವರನನ್ನೇ ಅದರ ಬಾಯಿಗೆ ಅಂಟಿಸಿಟ್ಟಿದ್ದೆ. ಈ ವಿಷಯ ಕೆಳಗಿಳಿದು ಯಾರಿಗೂ ಹೇಳಬಾರದು ಅಂದುಕೊಂಡೆ. ಇಳಿಯುವಷ್ಟರಲ್ಲಿ ಹೇಳಿಬಿಟ್ಟಿದ್ದೆ. ‘ನಿಕ್ಕ್ ಮರ್ಲಾ?’ ಎಂದರು ನಮ್ಮವರು, ಈ ಸಲ ಬಹಳ ಪ್ರೀತಿಯಿಂದ.

ಭಾನುವಾರ ಮೈದಾನ ನಿಜವಾಗಿ ದೋಸೆ ಕಾವಲಿಯಂತೆ ಇತ್ತು. ಅದರ ಮೇಲೆ ಬಿಳಿ ಸುಣ್ಣದ ಗೆರೆಗಳು. ಭಾಗೀರಥಿಯನ್ನು ತೊಳೆದು ಕೊನೆಯ ಗೆರೆಯಾಚೆ ದೂರದಲ್ಲಿ ನಿಲ್ಲಿಸಿದ್ದರು. ಸೀಟಿ ಊದಿದ್ದೇ ಅಕ್ಷತಾ ಓಡಿದಳು ನೋಡಿ, ಗೆರೆ ದಾಟಿದ ಮೇಲೂ ನಿಲ್ಲಲಿಲ್ಲ. ಗೋಡೆ ಇಲ್ಲವಲ್ಲ, ಯಾಕೆ ನಿಲ್ಲಬೇಕು? ಮೈದಾನದ ಕೊನೆಯವರೆಗೆ ಓಡಿ, ಭಾಗೀರಥಿಯ ಬಕೆಟನ್ನು ಮುಟ್ಟಿ, ತಿರುಗಿ ಅಪ್ಪನ ಕಡೆಗೆ ಓಡಿ ಬಂದಳು. ‘ಪಪ್ಪಾ, ನಾ ಗೆದ್ನಿ!’ ಎಂದು ಅಚ್ಚ ವಿಜಯಪುರದ ಕನ್ನಡದಲ್ಲಿ ಕೂಗಿದಳು. ಬಸವರಾಜ ಅವಳನ್ನು ಎತ್ತಿಕೊಂಡು ಅತ್ತ. ನಾನೂ ಅತ್ತೆ. ಪ್ರಸನ್ನ ವಿಡಿಯೋ ಮಾಡುತ್ತಲೇ ಅತ್ತ, ಹಾಗಾಗಿ ಆ ವಿಡಿಯೋದಲ್ಲಿ ಬರೀ ಆಕಾಶ ಬಂದಿದೆ.

ಆಮೇಲೆ ಸನ್ಮಾನ. ಪ್ರಸನ್ನ ಎರಡು ಹಾರ ತಂದಿದ್ದ, ಒಂದೊಂದೂ ನನ್ನ ಮೊಣಕಾಲಿನವರೆಗೆ ಬರುವಂಥದ್ದು, ಚೆಂಡುಹೂವಿನದು. ‘ಒಂದು ಮೇಡಂಗೆ, ಒಂದು ಭಾಗೀರಥಿಗೆ’ ಎಂದು ಮೈಕಿನಲ್ಲಿ ಹೇಳಿದ. ನಾನು ವೇದಿಕೆಯಿಂದಲೇ ಕೂಗಿದೆ: ‘ಅವಳಿಗೆ ಬೇಡ! ಅವಳ ಹತ್ತಿರ ಒಂದು ಎಸಳು ಕೂಡಾ ಹೋಗಬಾರದು!’ ತಂದ ಹಾರವನ್ನು ವಾಪಸು ಕಳಿಸುವುದು ಶುಭವಲ್ಲ ಎಂದು ಎರಡನ್ನೂ ನನ್ನ ಕೊರಳಿಗೇ ಹಾಕಿದರು. ಅದರ ಮೇಲೆ ಶಾಲು. ತಲೆಗೆ ಮೈಸೂರು ಪೇಟ. ಡಿಸೆಂಬರ್ ಎಂದರೂ ಅಂಬರನಾಥದ ಮಧ್ಯಾಹ್ನ, ಕೇಳಬೇಕೇ? ನಾನು ರೇಷ್ಮೆ ಸೀರೆ ಬೇರೆ ಉಟ್ಟಿದ್ದೆ. ಅಷ್ಟರಲ್ಲಿ ಮೈಕಿನಲ್ಲಿ ಹೆಂಗಸರ ಓಟಕ್ಕೆ ಕರೆದರು. ಸಭೆಯಲ್ಲಿ ಮಾತು ಕೊಟ್ಟವಳು ನಾನೇ ಅಲ್ಲವೇ, ಎಲ್ಲವನ್ನೂ ಹೊತ್ತುಕೊಂಡೇ ಗೆರೆಗೆ ಹೋಗಿ ನಿಂತೆ. ಸೀಟಿ ಊದಿತು. ಶುರುವಿನಲ್ಲಿ ಆನೆಯಂತೆ ಹೊರಟೆ. ಅರ್ಧ ದಾರಿಯಲ್ಲಿ ಕಾಲು ಏಳಲಿಲ್ಲ. ಉಸಿರು ಗುರ್ ಅನ್ನುತ್ತಿತ್ತು, ದನಿ ಇತ್ತು, ದಮ್ ಇರಲಿಲ್ಲ. ಉಳಿದವರೆಲ್ಲ ಮುಂದೆ ಹೋದರು, ನಾನು ಮೈದಾನದ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತೆ.

ಬಸವರಾಜ ಗೆರೆಯ ಪಕ್ಕದಿಂದ ಓಡಿ ಬಂದ. ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅವನಿಗೆ ರೋಗ ಹುಡುಕಲು ಗಡಿಯಾರ ಬೇಕಾಗಲಿಲ್ಲ, ಪುಸ್ತಕವೂ ಬೇಕಾಗಲಿಲ್ಲ.

‘ಅಕ್ಕಾರ’ ಎಂದ, ‘ಮುಖ ಗಣಪ್ಪನಂಗ ಕೆಂಪಗ ಆಗೇತ್ರಿ. ಜಾಲರಿ ಮ್ಯಾಲಿನ ಹೂವು ತಗೀರಿ.’

‘ತೆಗೀತೇನೆ ಮಾರಾಯ’ ಎಂದು ಏದುಸಿರು ಬಿಡುತ್ತ ಹೇಳಿದೆ. ‘ಮೊದ್ಲು ಪ್ರಸನ್ನನನ್ನು ಕರಿ. ಒಂದು ಫೋಟೋ ಆಗ್ಲಿ.’